ಫ್ಲೆಕ್ಸಿನ್ಯಾಗ ಕೂಸು ಎಲ್ಲೈತಿ?

ತಮ್ಮನ ಮಗಂದು ಮೊದಲನೇ ಹುಟ್ಟುಹಬ್ಬ ಅಂತ ವಿಜಯಪುರದಾಗ ಗಾಂಧಿ ಚೌಕ ಹತ್ರ ದೊಡ್ಡ ಫ್ಲೆಕ್ಸ್ ಹಾಕಿದ್ರು. ಫೋಟೋ ವಾಟ್ಸಾಪಿಗೆ ಬಂತು, ನಾನೂ ಖುಷೀಲೆ ಇಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ್ಯಾಗ ಆಫೀಸಿನವ್ರಿಗೆ ತೋರಿಸಿದೆ. ಬಾಜೂಕ ಕೂಡೋ ಹೆಣ್ಮಗಳು ಮೊಬೈಲ್ ಇಸ್ಕೊಂಡು ಜೂಮ್ ಮಾಡಿ ಮಾಡಿ ನೋಡಿ "ಕೂಸು ಎಲ್ಲೈತಿ?" ಅಂತ ಕೇಳಿದ್ಲು. ಇತ್ತು, ಕೆಳಗ ಬಲಕ್ಕ, ಯಾರೋ ಲೀಡರ್ ಸಾಹೇಬ್ರ ಮೊಣಕೈ ಹಿಂದ. ಆಕಿ ಕುಚೇಷ್ಟೆಗೆ ಕೇಳಿದ್ದಲ್ಲ, ಖರೇನ ಹುಡುಕಿ ಸಿಗದ ಕೇಳಿದ್ದು, ಅದಕ್ಕ ಜಾಸ್ತಿ ಚುಚ್ಚಿತು.

ಈ ಬಾಸೆಲ್ ಊರಾಗ ಬೀದಿಬದಿ ಪೋಸ್ಟರ್ ಭಾಳಷ್ಟು ಒಂದ ಅಳತಿ, ಸುಮಾರು 90 ಸೆಂಟಿಮೀಟರ್ ಅಗಲ, 128 ಎತ್ತರ. ಬಾಜೂದವನಿಗಿಂತ ದೊಡ್ಡದು ಹಾಕಿ ಗೆಲ್ತೀನಿ ಅಂದ್ರ ಆಗಂಗಿಲ್ಲ, ಹಂಗಾಗಿ ಒಂದು ಚಿತ್ರ, ಒಂದು ಸಾಲು, ಉಳಿದದ್ದು ಖಾಲಿ. ಹೆಲ್ವೆಟಿಕಾ ಅನ್ನೋ ಇಂಗ್ಲಿಷ್ ಅಕ್ಷರದ ಫಾಂಟ್ ಹುಟ್ಟಿದ್ದೂ ಇಲ್ಲೇ, ಟ್ರಾಮ್ ಹತ್ತಿದ್ರ ಸಿಗೋ ಮ್ಯುನ್ಶೆನ್‌ಸ್ಟೈನ್ ಊರಿನ ಅಚ್ಚಿನ ಅಕ್ಷರ ಎರಕ ಹೊಯ್ಯೋ ಫೌಂಡ್ರಿಯೊಳಗ, 1957ರಾಗ, ಮ್ಯಾಕ್ಸ್ ಮೀಡಿಂಗರ್ ಬರೆದದ್ದು. ಇಲ್ಲಿ ಡಿಸೈನ್ ಕಲ್ತವ್ರು ಅಕ್ಷರದ ಗೆರಿಗಿಂತ ಅದರ ಹೊಟ್ಟ್ಯಾಗಿನ ಬಿಳೀ ಜಾಗದ ಬಗ್ಗೆನ ಹೆಚ್ಚು ಮಾತಾಡ್ತಾರ.

ನಮ್ಮ ಕಡೆ ಖಾಲಿ ಜಾಗ ಅಂದ್ರ ರೊಕ್ಕಾ ಹಾಳು. ಫ್ಲೆಕ್ಸಿಗೆ ಸ್ಕ್ವೇರ್ ಫೂಟ್ ಲೆಕ್ಕ, ಖಾಲಿ ಬಿಟ್ಟ ಫೂಟಿಗೂ ಅದ ರೇಟು, ಹಿಂಗಿದ್ದಾಗ ಯಾರು ಬಿಡ್ತಾರ ಹೇಳ್ರಿ. ಆ ಫ್ಲೆಕ್ಸಿನ ತಲೆಬರಹಾನ ನೋಡ್ರಿ. ಮ್ಯಾಲಿನ ಸಾಲಿನ "ಹುಟ್ಟುಹಬ್ಬದ" ಅನ್ನೂದರೊಳಗ ಎರಡು ಒತ್ತು ಕೆಳಗ ಇಳೀತಾವ, ಕೆಳಗಿನ ಸಾಲಿನ "ಹಾರ್ದಿಕ"ದ ಗುಡಿಸು ಮ್ಯಾಲ ಏರ್ತೈತಿ, ನಡುವ ಬೆರಳ ಹೋಗೋವಷ್ಟೂ ಸಂದಿಲ್ಲ, ಒಂದರ ಮ್ಯಾಲ ಒಂದು ಕುಂತಾವ. ಕನ್ನಡಕ್ಕ ಸಾಲಿನ ನಡುವ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು, ಇದು ಡಿಟಿಪಿ ಮಾಡೋ ಹುಡುಗಗ ಗೊತ್ತಿಲ್ಲಂತಲ್ಲ, ಜಾಗ ಎಲ್ಲೈತಿ? ಮತ್ತ ಹಳದಿ ಅಕ್ಷರದ ಸುತ್ತ ಕೆಂಪು ಗೆರಿ, ಅಂದ್ರ ಸ್ಟ್ರೋಕ್, ಅದರ ಹೊರಗ ಬಿಳೀ ಸ್ಟ್ರೋಕ್, ಅದಕ್ಕೊಂದು ಶ್ಯಾಡೋ. ಬ, ದ ಎರಡರದೂ ಬಾಯಿ ಮುಚ್ಚಿಹೋಗ್ಯಾವ. ಅಕ್ಷರ ಸಾಲಿಗೆ ಹತ್ತಲಿಲ್ಲಂದ್ರ ಹಿಡಿದು ಅಗಲಕ್ಕ ಎಳೆಯೂದು ಬ್ಯಾರೆ. ಫೋಟೋದ್ದಂತೂ ಕೇಳಬ್ಯಾಡ್ರಿ, ಒಬ್ಬಗ ಎಡಗಡೆ ಬೆಳಕು, ಒಬ್ಬಗ ಬಲಗಡೆ, ತುದಿಗಿದ್ದ ನಮ್ಮ ಕಾಕಾ ಫ್ಲೆಕ್ಸಿನ ಹೊರಗ ಯಾರನ್ನೋ ನೋಡಾಕತ್ತಾರ.

ಹೋದಸಲ ಊರಿಗೆ ಹೋದಾಗ ಅವ್ವನ್ನ ಗೋಲಗುಮ್ಮಟದ ಮುಂದ ನಿಲ್ಲಿಸಿ ಫೋಟೋ ತೆಗೆದೆ. ಇಲ್ಲಿ ಕಲ್ತದ್ದು, ಫ್ರೇಮನ್ನ ಮೂರು ಪಾಲು ಮಾಡಿ ಆಕೀನ ಒಂದು ಬದಿ ಇಟ್ಟು, ಗುಮ್ಮಟಕ್ಕ ಮ್ಯಾಲ ಆಕಾಶ ಬಿಟ್ಟೆ. ಅವ್ವ ನೋಡಿದ್ಲು, "ನಡುವ ಅಷ್ಟು ಜಾಗ ಐತಲ್ಲೋ, ನನ್ಯಾಕ ಮೂಲ್ಯಾಗ ನಿಲ್ಲಿಸಿದಿ?" ಅಂದ್ಲು. ಮತ್ತ ನಡುವ ನಿಲ್ಲಿಸಿ ತೆಗೆದೆ, ಮನ್ಯಾಗ ಕಟ್ಟು ಹಾಕಿಸಿದ್ದು ಅದನ್ನ.

ಸಿಟ್ಟು ಬರೂದು ಯಾಕಂದ್ರ, ಖಾಲಿ ಜಾಗದ ಬೆಲೆ ನಮ್ಮೂರಿಗೆ ಗೊತ್ತಿದ್ದದ್ದ ಐತಿ. 1627ರಾಗ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ, ಇಬ್ರಾಹಿಂ ರೋಜಾ, ಅದರ ಕಿಟಕಿ ನೋಡ್ರಿ. ಕಲ್ಲಿನ್ಯಾಗ ಅರೇಬಿಕ್ ಅಕ್ಷರಾನ ಕೊರೆದು ಜಾಲರಿ ಮಾಡ್ಯಾರ, ಅಕ್ಷರದ ಸಂದಿಯೊಳಗಿಂದ ಬೆಳಕು ಒಳಗ ಬರ್ತೈತಿ. ಸಂದಿ ಮುಚ್ಚಿದ್ರ ಅಕ್ಷರನೂ ಇಲ್ಲ, ಕಿಟಕಿನೂ ಇಲ್ಲ. ಅಂಥಾ ಊರಾಗ ಈ ಫ್ಲೆಕ್ಸು.

ಹಂಗಂತ ಒಂದು ಮಾತು ಒಪ್ಪಬೇಕಾಗ್ತೈತಿ, ಮನಸ್ಸಿಲ್ಲದಿದ್ರೂ. ಸ್ವಾಮಿಗಳು ಮ್ಯಾಲ, ಲೀಡರ್ ದೊಡ್ಡವ್ರಾಗಿ ಬದಿಗೆ, ಮಾಮಾ ಕಾಕಾ ನಡುವ, ಗೆಳೆಯರ ಬಳಗ ಕೆಳಗ "ಶುಭ ಕೋರುವವರು" ಅಂತ ಸಾಲಾಗಿ. ಗಾಂಧಿ ಚೌಕದಾಗ ಬೈಕ್ ಮ್ಯಾಲ ಹೋಗೋವನೂ ಯಾರಿಗೆ ಯಾರು ಹತ್ರ ಅನ್ನೂದನ್ನ ಒಂದು ಕ್ಷಣದಾಗ ಓದಿ ಮುಗಿಸ್ತಾನ. ಸೈಜಿನಿಂದ ಮಹತ್ವ ತೋರಿಸೂದು ಡಿಸೈನಿನ ಮೊದಲನೇ ಪಾಠ, ನಮ್ಮವ್ರು ಅದನ್ನ ಪಕ್ಕಾ ಮಾಡ್ಯಾರ, ಕೂಸಿಂದು ಮಾತ್ರ ನಂಬರ್ ಕೆಳಗ ಬಂದೈತಿ, ಅಷ್ಟ. ಇಲ್ಲಿನ ಪೋಸ್ಟರಿನ್ಯಾಗ ನನಗ ಗೊತ್ತಿದ್ದವ್ರು ಒಬ್ರೂ ಇರಂಗಿಲ್ಲ, ಎಷ್ಟು ಚಂದ ಇದ್ರೂ ಟ್ರಾಮ್ ಬಂದ ಕೂಡಲೆ ಮರೀತೀನಿ. ಮಾಮಾನ ಫೋಟೋ ತೆಗೀರಿ ಅಂತ ಹೇಳೋ ಧೈರ್ಯ ನನಗೂ ಇಲ್ಲ, ತೆಗೆದ್ರ ಅವ್ರು ಕಾರ್ಯಕ್ರಮಕ್ಕ ಬರಂಗಿಲ್ಲ. ಆದ್ರ ತಮ್ಮಗ ಫೋನ್ ಮಾಡಿ ಹೇಳೀನಿ, ಮುಂದಿನ ವರ್ಷ ಆ ಡಿಟಿಪಿ ಹುಡುಗಗ ಒತ್ತಕ್ಷರದ ಕೆಳಗರ ಒಂಚೂರು ಜಾಗ ಬಿಡಾಕ ಹೇಳಪಾ, ಅದಕ್ಕ ಯಾರೂ ಸಿಟ್ಟಾಗೂದಿಲ್ಲ.