ಕೋಡ್ ಅಳಿಸಿದರೆ ರಿಪೇರಿಯೇ?

ದೇವನಹಳ್ಳಿ ದಾಟುವಷ್ಟರಲ್ಲಿ ಆ ಹಳದಿ ಎಂಜಿನ್ ದೀಪ ಮತ್ತೆ ಹೊತ್ತಿಕೊಂಡಿತು! ನಿನ್ನೆಯಷ್ಟೇ ಗ್ಯಾರೇಜಿನಿಂದ ಬಂದ ಸ್ಪೋರ್ಟ್ಸ್ ಕಾರು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಪಿ0420 ಎಂಬ ದೋಷದ ಕೋಡ್ ಓದಿ, ಅದನ್ನು ಅಳಿಸಿ, ಬಿಲ್ ಕೈಗಿಡುವುದಕ್ಕೆ ರಿಪೇರಿ ಎನ್ನುತ್ತಾರೆಯೇ? ಎಂಜಿನ್ ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ಕಾರಿನ ಕಂಪ್ಯೂಟರಿಗೆ ಅನ್ನಿಸಿದೆ, ಆ ಕೋಡಿನ ಅರ್ಥ ಅಷ್ಟೇ. ಕನ್ವರ್ಟರಿನ ಹಿಂಬದಿಯ ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು, ಎಕ್ಸಾಸ್ಟ್ ಕೊಳವೆ ಜೋಡಣೆಯಲ್ಲಿ ಸೋರುತ್ತಿರಬಹುದು. ಹುಡುಕುವ ವ್ಯವಧಾನ ಯಾರಿಗಿದೆ? ಒಬ್ಬರು ಸೆನ್ಸರ್ ಬದಲಿಸಿದರು, ಇನ್ನೊಬ್ಬರು ಪೆಟ್ರೋಲ್ ಸರಿಯಿಲ್ಲವೆಂದು ಕೈತೊಳೆದುಕೊಂಡರು. ಅಳಿಸಿದಾಗ ಆರುವ ದೀಪ, ಕಂಪ್ಯೂಟರ್ ತನ್ನ ಪರೀಕ್ಷೆ ಮುಗಿಸಿದೊಡನೆ ಮತ್ತೆ ಹಾಜರ್. ಸೋರಿಕೆಯನ್ನು ಕೊಳವೆಯೊಳಗೆ ಹೊಗೆ ಬಿಟ್ಟು ನೋಡಿ ಎಂದು ಅಂಗಲಾಚಿದರೆ, "ಸ್ಪೋರ್ಟ್ಸ್ ಕಾರು ಎಂದರೆ ಹೀಗೇ ಸಾರ್" ಎನ್ನುತ್ತಾರೆ. ಹೀಗೇ ಎಂದರೆ ಹೇಗೆ?