ಲೈಕ್ ಕೊಟ್ಟವರೆಲ್ಲ ಗಿರಾಕಿಗಳಲ್ಲ

ಚೀಲದ ಫೋಟೊ ಹಾಕುತ್ತೇವೆ. ಫೋಟೊದ ಮೇಲೆ ದಪ್ಪ ಅಕ್ಷರದಲ್ಲಿ ಬೆಲೆ ಇರುತ್ತದೆ. ಕೆಳಗಿನ ಬರಹದಲ್ಲಿ ಇನ್ನೊಂದು ಸಲ ಬೆಲೆ ಇರುತ್ತದೆ, ಅಳತೆ ಇರುತ್ತದೆ, ಒಗೆಯಬಹುದಾ ಇಲ್ಲವಾ ಅನ್ನುವುದೂ ಇರುತ್ತದೆ. ಅದರ ಕೆಳಗೆ ಮೊದಲ ಕಾಮೆಂಟ್ ಬೀಳುತ್ತದೆ: "ರೇಟ್ ಎಷ್ಟು?"

ನನ್ನ ಹೆಂಡತಿ ಬಟ್ಟೆ ಚೀಲ ಹೊಲಿದು ಆನ್‌ಲೈನಿನಲ್ಲಿ ಮಾರುತ್ತಾಳೆ. ಬಟ್ಟೆ ಆರಿಸುವುದು, ಕತ್ತರಿಸುವುದು, ಹೊಲಿಯುವುದು, ಪ್ಯಾಕ್ ಮಾಡುವುದು ಎಲ್ಲ ಅವಳದು. ನನ್ನದು ಮಾರ್ಕೆಟಿಂಗ್. ಈ ಹುದ್ದೆಗೆ ನನ್ನನ್ನೇ ಯಾಕೆ ಆರಿಸಿದೆ ಅಂತ ಕೇಳಿದ್ದಕ್ಕೆ, "ಹೇಗೂ ಫೋನ್ ಹಿಡ್ಕೊಂಡೇ ಕೂತಿರ್ತೀರಲ್ಲ" ಅಂದಳು. ಬೇರೆ ಅರ್ಹತೆ ಏನೂ ಕೇಳಲಿಲ್ಲ, ಸಂದರ್ಶನವೂ ಇರಲಿಲ್ಲ, ಸಂಬಳವೂ ಇಲ್ಲ.

ಮೊದಮೊದಲು ಯಾರಾದರೂ ರೇಟ್ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಉತ್ತರ ಕೊಡುತ್ತಿದ್ದೆ. ಉತ್ತರ ಕೊಟ್ಟ ಮೇಲೆ ಆ ಕಡೆಯಿಂದ ಉಸಿರೇ ಇಲ್ಲ. ಜಾಸ್ತಿ ಆಯ್ತು ಅನ್ನುವುದಿಲ್ಲ, ಬೇಡ ಅನ್ನುವುದಿಲ್ಲ, ಒಂದು ಹೆಬ್ಬೆರಳೂ ಇಲ್ಲ. ಆಮೇಲೆ ಅರ್ಥ ಆಯ್ತು, ರೇಟ್ ಕೇಳುವುದೇ ಒಂದು ಪೂರ್ತಿ ಕೆಲಸ. ಕೇಳಿದಲ್ಲಿಗೆ ಅವರ ಪಾಲಿನದು ಮುಗಿಯಿತು. ಇದರ ಬಗ್ಗೆ ತಿಳಿದವರೊಬ್ಬರು, ಬೆಲೆ ಹಾಕಲೇಬೇಡಿ, "ಇನ್‌ಬಾಕ್ಸ್ ಮಾಡಿ" ಅಂತ ಬರೆಯಿರಿ, ಕಾಮೆಂಟ್ ಜಾಸ್ತಿ ಬಂದಷ್ಟೂ ಪೋಸ್ಟ್ ಮೇಲೆ ಏರುತ್ತದೆ ಅಂದರು. ಹಾಗೇ ಮಾಡಿದೆವು. ಅದುವರೆಗೆ ಒಂದು ಚೀಲವನ್ನೂ ಕೊಳ್ಳದಿದ್ದವರು, ಮುಂದೆ ಕೊಳ್ಳುವ ಯೋಚನೆಯೂ ಇಲ್ಲದವರು ಎಲ್ಲರೂ ಒಟ್ಟಿಗೆ ಸಿಟ್ಟಾದರು. "ಬೆಲೆ ಹಾಕೋಕೆ ಏನು ಕಷ್ಟ? ಮುಚ್ಚಿಡೋದು ಯಾಕೆ?" ಒಬ್ಬರಂತೂ ವ್ಯಾಪಾರದಲ್ಲಿ ಪ್ರಾಮಾಣಿಕತೆ ಹೇಗಿರಬೇಕು ಅಂತ ಪುಟಗಟ್ಟಲೆ ಬರೆದರು. ಮತ್ತೆ ಬೆಲೆ ಹಾಕಿದೆವು. ಮೊದಲ ಕಾಮೆಂಟ್ ಏನು ಬಂತು ಅಂತ ನಾನು ಹೇಳಬೇಕಾಗಿಲ್ಲ.

ಅದಿರಲಿ, ಕಿಟಕಿ ಪರದೆಯ ವಿಷಯಕ್ಕೆ ಬರುತ್ತೇನೆ. ಫೋಟೊ ತೆಗೆಯುವಾಗ ಚೀಲವನ್ನು ಕಿಟಕಿಯ ಹತ್ತಿರ ತೂಗು ಹಾಕುತ್ತಿದ್ದೆವು. ಯಾಕಂದ್ರೆ ಬೆಳಗಿನ ಬೆಳಕಿನಲ್ಲಿ ಬಣ್ಣ ಸರಿಯಾಗಿ ಕಾಣುತ್ತದೆ. ರಾತ್ರಿ ದೀಪದ ಕೆಳಗೆ ತೆಗೆದರೆ ಫೋನು ತನಗೆ ತೋಚಿದ್ದೇ ಬಿಳಿ ಬಣ್ಣ ಅಂದುಕೊಂಡು ಉಳಿದ ಬಣ್ಣಗಳನ್ನೆಲ್ಲ ಅದಕ್ಕೆ ಸರಿಯಾಗಿ ಎಳೆದಾಡುತ್ತದೆ. ಅರಿಶಿನ ಬಣ್ಣ ಹೋಗಿ ನಿಂಬೆ ಹಳದಿ ಆಗಿರುತ್ತದೆ. ನಾವು ಸರಿ ಮಾಡಿ ಕಳಿಸಿದರೂ ನೋಡುವವರ ಫೋನು ಅದಕ್ಕೆ ಇನ್ನೊಂದು ಕೋಟ್ ಬಣ್ಣ ಹಚ್ಚುತ್ತದೆ. ಒಂದೇ ಚೀಲ, ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ಮರೂನ್. "ನೀವು ತೋರಿಸಿದ್ದು ಇದಲ್ಲ" ಅಂತ ಇಬ್ಬರದ್ದೂ ದೂರು.

ಕಿಟಕಿಗೆ ಒಂದು ಹಳೆಯ ಪರದೆ ಇತ್ತು. ಸಣ್ಣ ಸಣ್ಣ ಎಲೆಗಳ ಪ್ರಿಂಟ್ ಇರುವ ಪರದೆ. ಒಂದು ನೀಲಿ ಚೀಲದ ಫೋಟೊ ಹಾಕಿದ ಮೇಲೆ ಮೆಸೇಜ್ ಬರಲು ಶುರುವಾಯಿತು ನೋಡಿ! ನಾನು ಹೆಂಡತಿಯನ್ನು ಕರೆದು, "ಬಾ, ಬಾ, ಇವತ್ತು ಏನೋ ಆಗಿದೆ" ಅಂದೆ. ಇಬ್ಬರೂ ಕೂತು ಓದಿದೆವು. "ಹಿಂದಿರೋ ಕರ್ಟನ್ ಎಲ್ಲಿ ತಗೊಂಡ್ರಿ?" "ಕರ್ಟನ್ ಸೇಲ್‌ಗೆ ಇದೆಯಾ?" "ಇದೇ ಡಿಸೈನಲ್ಲಿ ಹಸಿರು ಸಿಗುತ್ತಾ?" ಚೀಲವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಫೋಟೊ ಕಳಿಸಿ, ಪರದೆ ಪೂರ್ತಿ ಕಾಣಲಿ ಅಂತ ಒಬ್ಬರು ಕೇಳಿದರು. ತುಂಬಾ ವಿನಯದಿಂದಲೇ ಕೇಳಿದರು.

ಹೆಂಡತಿ ಅದೇ ದಿನ ಪರದೆ ಬಿಚ್ಚಿ ಒಳಗಿಟ್ಟಳು. ಇನ್ನು ಮುಂದೆ ಬರೀ ಗೋಡೆ, ಗೋಡೆಯ ಮುಂದೆ ಚೀಲ, ಬೇರೇನೂ ಬೇಡ ಅಂದಳು. ಬಿಳಿ ಗೋಡೆಯ ಮುಂದೆ ತೆಗೆದ ಮೊದಲ ಫೋಟೊಕ್ಕೆ ಬಂದ ಕಾಮೆಂಟ್: "ಎಡಗಡೆ ಮೂಲೆಯಲ್ಲಿ ನೀರು ಇಳೀತಿದೆ, ಬೇಗ ತೋರಿಸಿ." ನಿಜವಾಗಲೂ ಇಳಿಯುತ್ತಿತ್ತು. ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಅದರ ಹಿಂದೆಯೇ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡುವವರೊಬ್ಬರ ಮೆಸೇಜ್ ಬಂತು, ಫೋಟೊ ನೋಡಿದೆ, ರಿಯಾಯಿತಿಯಲ್ಲಿ ಮಾಡಿಕೊಡುತ್ತೇನೆ ಅಂತ. ಮಾರಲು ಕೂತವರು ನಾವು, ವ್ಯಾಪಾರ ಆದದ್ದು ಅವರಿಗೆ.

ಆನ್‌ಲೈನಿನಲ್ಲಿ ಹೀಗೇ ಅಲ್ವಾ? ಎಲ್ಲರೂ ಮಾರುವವರೇ. ನಮ್ಮ ಪುಟವನ್ನು ಯಾರು ಯಾರು ಫಾಲೋ ಮಾಡುತ್ತಿದ್ದಾರೆ ಅಂತ ಒಂದು ದಿನ ಸುಮ್ನೆ ಕೂತು ನೋಡಿದೆ. ಚೀಲ ಮಾರುವವರು, ಚೀಲಕ್ಕೆ ಬಟ್ಟೆ ಮಾರುವವರು, ಜಿಪ್ ಮಾರುವವರು, ಚೀಲ ಮಾರುವುದು ಹೇಗೆ ಅಂತ ಪಾಠ ಮಾರುವವರು, ಕೊನೆಗೆ ಫಾಲೋವರುಗಳನ್ನೇ ಮಾರುವವರು. ಉಳಿದವರು ನೆಂಟರು. ದಿನಕ್ಕೊಂದು ಇಮೇಲ್ ಬೇರೆ: "ನಿಮ್ಮ ವೆಬ್‌ಸೈಟ್ ನೋಡಿದೆ, ಬಹಳ ಚೆನ್ನಾಗಿದೆ, ಆದರೆ ಹುಡುಕಿದರೆ ಮೊದಲ ಪುಟದಲ್ಲಿ ಬರುತ್ತಿಲ್ಲ." ಹೇಗೆ ಬರುತ್ತದೆ? ನಮಗೆ ವೆಬ್‌ಸೈಟೇ ಇಲ್ಲ.

ಈ ಕಾಟ ಇವತ್ತಿನದಲ್ಲ. 1978ರ ಮೇ ತಿಂಗಳಲ್ಲಿ, ಇಂಟರ್ನೆಟ್ಟಿನ ಅಜ್ಜ ಅನ್ನಬಹುದಾದ ಅರ್ಪಾನೆಟ್‌ನಲ್ಲಿ, ಗ್ಯಾರಿ ಥರ್ಕ್ ಅನ್ನುವ ಮಾರ್ಕೆಟಿಂಗ್ ಮನುಷ್ಯ ತಮ್ಮ ಕಂಪನಿಯ ಹೊಸ ಕಂಪ್ಯೂಟರ್ ನೋಡಲು ಬನ್ನಿ ಅಂತ ಸುಮಾರು 400 ಜನಕ್ಕೆ ಒಂದೇ ಸಲ ಮೆಸೇಜ್ ಕಳಿಸಿದರು. ಅದನ್ನೇ ಮೊದಲ ಸ್ಪ್ಯಾಮ್ ಅಂತ ಲೆಕ್ಕ ಹಿಡಿಯುತ್ತಾರೆ. ಅಷ್ಟು ವಿಳಾಸ ಮೇಲಿನ ಜಾಗದಲ್ಲಿ ಹಿಡಿಸದೆ ಪತ್ರದ ಒಳಗೂ ತುಂಬಿಕೊಂಡವಂತೆ. ಬೈಗುಳ ಚೆನ್ನಾಗಿಯೇ ಬಿತ್ತು. ಆದರೂ ಥರ್ಕ್ ಮೇಲೆ ನನಗೆ ಗೌರವ ಇದೆ, ಅವರ ಹತ್ತಿರ ಮಾರಲು ನಿಜವಾದ ಕಂಪ್ಯೂಟರಾದರೂ ಇತ್ತು.

ನೆಂಟರು ಅಂದೆನಲ್ಲ, ಚಿಕ್ಕಪ್ಪನ ಕತೆ ಹೇಳಬೇಕು. ವ್ಯಾಪಾರಕ್ಕೆ ಬೇರೆ ನಂಬರ್ ಯಾಕೆ, ಇದ್ದದ್ದನ್ನೇ ವಾಟ್ಸಾಪ್ ಬಿಸಿನೆಸ್ ಖಾತೆ ಮಾಡಿಬಿಡೋಣ ಅಂತ ಹೆಂಡತಿಯ ನಂಬರನ್ನೇ ಬದಲಾಯಿಸಿದ್ದೆವು. ಅದರಲ್ಲಿ ತಾನಾಗಿ ಹೋಗುವ ಸ್ವಾಗತದ ಮೆಸೇಜ್ ಒಂದಿದೆ. ಯಾರಾದರೂ ಮೊದಲ ಸಲ ಬರೆದರೆ, ಇಲ್ಲವೇ 14 ದಿನ ಮಾತುಕತೆ ಇಲ್ಲದೆ ಆಮೇಲೆ ಬರೆದರೆ, ಅದು ಹೊರಡುತ್ತದೆ. ಗಿರಾಕಿಗಳ ಮಟ್ಟಿಗೆ ಒಳ್ಳೆಯ ನಿಯಮ. ನೆಂಟರ ಮಟ್ಟಿಗೆ ಯೋಚಿಸಿ ನೋಡಿ. 14 ದಿನಕ್ಕಿಂತ ಮೊದಲು ನಮ್ಮನ್ನು ನೆನೆಯುವ ನೆಂಟರು ಯಾರಿದ್ದಾರೆ?

ಚಿಕ್ಕಪ್ಪ ಒಂದು ರಾತ್ರಿ ಮಸುಕಾದ ಫೋಟೊ ಕಳಿಸಿ, "ಈ ಮಾತ್ರೆ ಊಟಕ್ಕೆ ಮೊದಲಾ ಆಮೇಲಾ?" ಅಂತ ಕೇಳಿದರು. ತಕ್ಷಣ ಉತ್ತರ ಹೋಯಿತು: "ನಮಸ್ಕಾರ! ತಮ್ಮಂಥವರ ಸೇವೆ ಮಾಡುವುದು ನಮ್ಮ ಭಾಗ್ಯ. ನಮ್ಮ ಪ್ರತಿನಿಧಿ ಸ್ವಲ್ಪ ಹೊತ್ತಿನಲ್ಲೇ ತಮ್ಮನ್ನು ಸಂಪರ್ಕಿಸುತ್ತಾರೆ." ನಾವು ಮಲಗಿಬಿಟ್ಟಿದ್ದೆವು. ಚಿಕ್ಕಪ್ಪ ಮಲಗಲಿಲ್ಲ. ಮಾತ್ರೆ ಕೈಯಲ್ಲಿ ಹಿಡಿದುಕೊಂಡು ಪ್ರತಿನಿಧಿಗಾಗಿ ಕಾದರು. ಬೆಳಿಗ್ಗೆ ಫೋನ್ ಮಾಡಿ, "ನಿಮ್ಮ ಪ್ರತಿನಿಧಿ ಬಹಳ ಮರ್ಯಾದಸ್ಥ, ಆದರೆ ಕೆಲಸದಲ್ಲಿ ಸೋಮಾರಿ" ಅಂದರು.

ಆ ಸೆಟ್ಟಿಂಗ್‌ನಲ್ಲಿ ಫೋನ್‌ಬುಕ್‌ನಲ್ಲಿ ಇಲ್ಲದವರಿಗೆ ಮಾತ್ರ ಕಳಿಸು ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿ ನಿಟ್ಟುಸಿರು ಬಿಟ್ಟೆವು. ಒಂದಷ್ಟು ದಿನ ಬಿಟ್ಟು ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. "ಆ ಪ್ರತಿನಿಧಿಯನ್ನ ಕೆಲಸದಿಂದ ತೆಗೆದ್ರಾ?" ಅಂತ ಕೇಳಿದರು. ದನಿಯಲ್ಲಿ ಬೇಜಾರಿತ್ತು. "ನಮ್ಮ ಮನೆತನದಲ್ಲಿ ನನ್ನನ್ನ ತಾವು ಅಂತ ಕರೀತಿದ್ದದ್ದು ಅವನೊಬ್ಬನೇ ಕಣೋ." ಈಗ ಚಿಕ್ಕಪ್ಪನ ನಂಬರನ್ನು ಫೋನ್‌ಬುಕ್‌ನಿಂದ ತೆಗೆದಿದ್ದೇವೆ.

ಇನ್ನು ದುಡ್ಡು ಕೊಟ್ಟು ಹಾಕಿಸುವ ಜಾಹೀರಾತು. ಜನ ಏನೋ ಹುಡುಕುತ್ತಾರೆ, ನಮ್ಮ ಪದ ಅದರಲ್ಲಿದ್ದರೆ ನಮ್ಮ ಜಾಹೀರಾತು ಮೇಲೆ ಬರುತ್ತದೆ, ಒತ್ತಿದರೆ ನೇರ ನಮಗೆ ಕರೆ. ಒತ್ತಿದ ಒಂದೊಂದು ಸಲಕ್ಕೂ ನಮ್ಮ ಲೆಕ್ಕದಿಂದ ದುಡ್ಡು ಹೋಗುತ್ತದೆ. ಪದ ಏನು ಕೊಡಬೇಕು? "ಬ್ಯಾಗ್" ಅಂತ ಕೊಟ್ಟೆವು. ಚೀಲ ಮಾರುವವರು ಬೇರೇನು ಕೊಡುತ್ತಾರೆ? ಮೊದಲ ಕರೆಯನ್ನು ಹೆಂಡತಿಯೇ ಎತ್ತಿದಳು, ನಾನು ಪಕ್ಕದಲ್ಲೇ ಇದ್ದೆ.

"ಮೇಡಂ, ಬ್ಯಾಗ್ಸ್ ಎಷ್ಟು ದಿನದಲ್ಲಿ ಹೋಗುತ್ತೆ?"

"ಹೋಗೋದಾ? ನಮ್ಮದು ಎಲ್ಲೂ ಹೋಗಲ್ಲ, ವರ್ಷಗಟ್ಟಲೆ ಹಾಗೇ ಇರುತ್ತೆ."

"ಅಯ್ಯೋ! ನನಗೆ ಈಗಾಗಲೇ ಎರಡು ವರ್ಷದಿಂದ ಇದೆ."

"ನೋಡಿ, ಒಳ್ಳೇ ಬ್ಯಾಗ್ ಅಂದ್ರೆ ಹಾಗೇ. ಬೇಕಾದ್ರೆ ಇನ್ನೂ ದೊಡ್ಡದು ಮಾಡಿಕೊಡ್ತೀವಿ."

ಆ ಕಡೆಯವರು ಕಣ್ಣಿನ ಕೆಳಗೆ ಊದಿಕೊಂಡ ಬ್ಯಾಗ್‌ಗಳಿಗೆ ಔಷಧಿ ಹುಡುಕುತ್ತಿದ್ದರು. ಪಾಪ, ಫೋನ್ ಇಟ್ಟ ರಭಸ ನನಗೂ ಕೇಳಿಸಿತು. ಆಮೇಲೆ ಕಾರಿನ ಏರ್ ಬ್ಯಾಗ್‌ನವರು, ಗುದ್ದುವ ಪಂಚಿಂಗ್ ಬ್ಯಾಗ್‌ನವರು, ವಿಮಾನದಲ್ಲಿ ಬ್ಯಾಗ್ ಕಳೆದುಕೊಂಡು ಅಳುವ ದನಿಯಲ್ಲಿ ಮಾತಾಡಿದವರು ಎಲ್ಲರೂ ಬಂದರು. ಯಾವ ಪದ ಇದ್ದರೆ ನಮ್ಮನ್ನು ತೋರಿಸಬೇಡ ಅಂತ ಹೇಳಲು ನೆಗೆಟಿವ್ ಕೀವರ್ಡ್ ಅಂತ ಇನ್ನೊಂದು ಪಟ್ಟಿ ಕೊಡಬೇಕಂತೆ. ಕೊಟ್ಟೆವು. ನಮಗೆ ಏನು ಬೇಕು ಅನ್ನುವ ಪಟ್ಟಿಗಿಂತ ಏನು ಬೇಡ ಅನ್ನುವ ಪಟ್ಟಿ ಈಗ ಉದ್ದ ಇದೆ. ವಿಮಾನದ ಬ್ಯಾಗಿನವರ ಕತೆ ಏನಾಯಿತೋ ಅಂತ ಹೆಂಡತಿ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ.

ಬೇರೆಯವರು ಹೇಗೆ ಬೆಲೆ ಇಟ್ಟಿದ್ದಾರೆ ಅಂತ ಅವಳು ಒಂದೆರಡು ಅಂಗಡಿಗಳ ಪುಟ ತೆರೆದು ನೋಡಿದ್ದೇ ತಪ್ಪಾಯಿತು. ನಾವು ಏನು ನೋಡಿದೆವು ಅಂತ ಗುರುತಿಟ್ಟುಕೊಳ್ಳುವ ಚೀಟಿಯಂಥ ಬ್ರೌಸರಿನ ಕುಕಿ ಅನ್ನುವುದನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಮಾಡಿದ್ದು, ಕೊಳ್ಳುವವರು ಬುಟ್ಟಿಗೆ ಏನು ಹಾಕಿದರು ಅನ್ನುವಂಥದ್ದು ನೆನಪಿರಲಿ ಅಂತ. ಈಗ ಅದರ ನೆನಪಿನ ಶಕ್ತಿ ನೋಡಿದರೆ ಭಯ ಆಗುತ್ತದೆ. ಬೆಳಗಿನಿಂದ ಸಂಜೆವರೆಗೆ ಚೀಲ ಹೊಲಿದು, ಸ್ವಲ್ಪ ಹೊತ್ತು ಬೇರೆ ಏನಾದರೂ ನೋಡೋಣ ಅಂತ ಫೋನ್ ತೆಗೆದರೆ, ಸುದ್ದಿಯ ನಡುವೆ ಚೀಲ, ಹವಾಮಾನದ ಪಕ್ಕದಲ್ಲಿ ಚೀಲ, ವಿಡಿಯೊದ ಮೊದಲು ಚೀಲ. "ನೀವು ಇದನ್ನು ಮರೆತಿರಾ?" ಅಂತ ಒಂದು ಜಾಹೀರಾತು ಅವಳನ್ನು ಕೇಳಿತು. ಮರೆಯೋಕೆ ಬಿಟ್ಟರೆ ತಾನೇ, ಅಂದಳು.

ರೀಲ್ಸ್ ಮಾಡಿ ಅನ್ನುವವರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಚೀಲ ಹಿಡಿದು ಕುಣಿಯಬೇಕು ಅಂತ ಅವರ ಸಲಹೆ. "ಹೊಲಿಯೋಳು ಯಾಕೆ ಕುಣೀಬೇಕು? ಕುಣಿಯೋರು ಯಾರಾದ್ರೂ ಹೊಲೀತಾರಾ?" ಅಂತ ಅವಳು ಕೇಳಿದ್ದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೊನೆಗೆ ಹೊಲಿಯುತ್ತಿರುವುದನ್ನೇ ತೆಗೆದೆ. ಸರಿಯಾಗಿ ಅದೇ ಹೊತ್ತಿಗೆ ಮಷಿನ್ ಗಕ್ಕನೆ ನಿಂತು, ಬಟ್ಟೆಯ ಅಡಿಯಲ್ಲಿ ದಾರವೆಲ್ಲ ಗಂಟುಗಂಟಾಗಿ ಸುತ್ತಿಕೊಂಡು, ಅವಳು ಕತ್ತರಿಯ ತುದಿಯಿಂದ ಅದನ್ನು ಒಂದೊಂದೇ ಎಳೆ ಬಿಡಿಸುತ್ತಾ ಮಷಿನ್ನಿನ ವಂಶದ ಬಗ್ಗೆ ಏನೋ ಗೊಣಗಿದಳು. ಅದನ್ನೇ ಹಾಕಿದೆ. ನಮ್ಮ ಪುಟದಲ್ಲಿ ಅಷ್ಟು ಜನ ನೋಡಿದ ವಿಡಿಯೊ ಇನ್ನೊಂದಿಲ್ಲ.

ಆದರೆ ಬಂದವರೆಲ್ಲ ಹೊಲಿಗೆ ಮಷಿನ್ ಪಂಡಿತರು. ಗಂಟು ಕೆಳಗಡೆ ಇದೆ, ಹಾಗಾಗಿ ತಪ್ಪು ಕೆಳಗಿನ ದಾರ ಸುತ್ತಿದ ಬಾಬಿನ್ನಿನದು ಅಂತ ಒಂದು ಪಕ್ಷ. ಗಂಟು ಕೆಳಗಿದ್ದರೆ ತಪ್ಪು ಮೇಲಿನ ದಾರದ್ದು ಅಂತ ಇನ್ನೊಂದು ಪಕ್ಷ. ಎಣ್ಣೆ ಬಿಡಿ ಅನ್ನುವ ಮೂರನೆಯ ಪಕ್ಷವೂ ಇತ್ತು, ಅದು ಯಾವ ಪ್ರಶ್ನೆಗೂ ಎಣ್ಣೆ ಬಿಡಿ ಅನ್ನುವ ಪಕ್ಷ. ನಮ್ಮ ಚೀಲವನ್ನು ಎಲ್ಲರೂ ಮರೆತು ರಾತ್ರಿಯಿಡೀ ಜಗಳವಾಡಿದರು. ನಡುವೆ ಯಾರೋ ಒಬ್ಬರು ಸಮಾಧಾನವಾಗಿ, ದಾರ ಪೋಣಿಸುವಾಗ ಅದುಮುವ ಪಾದವನ್ನು ಮೇಲೆ ಎತ್ತಿರಬೇಕು, ಕೆಳಗಿದ್ದರೆ ಬಿಗಿ ಮಾಡುವ ಬಿಲ್ಲೆಗಳ ನಡುವೆ ದಾರ ಕೂರುವುದಿಲ್ಲ, ಅದಕ್ಕೇ ಅಡಿಯಲ್ಲಿ ಗಂಟು ಅಂತ ಬರೆದರು. ಬೆಳಿಗ್ಗೆ ಹಾಗೇ ಮಾಡಿ ನೋಡಿದರೆ ಮಷಿನ್ ಮಾತಿಲ್ಲದೆ ಹೊಲಿಯಿತು. ಆರ್ಡರ್ ಒಂದೂ ಬರಲಿಲ್ಲ, ರಿಪೇರಿ ಖರ್ಚು ಉಳಿಯಿತು.

ಸ್ಟಾರ್ ವಿಷಯ ಒಂದು ಉಳಿದಿದೆ. ಚೀಲ ಕೊಳ್ಳದ ಅತ್ತೆ ಐದು ಸ್ಟಾರ್ ಕೊಟ್ಟು "ಹುಡುಗಿ ತುಂಬಾ ಒಳ್ಳೆಯವಳು" ಅಂತ ಬರೆದರು. ಚೀಲ ಕೊಂಡವರೊಬ್ಬರು, ಡೆಲಿವರಿಯವರು ಬೆಲ್ ಮಾಡಲಿಲ್ಲ ಅಂತ ನಮಗೆ ಒಂದು ಸ್ಟಾರ್ ಕೊಟ್ಟರು. ಇದೆಲ್ಲ ಅಭ್ಯಾಸವಾಗಿದೆ. ಆದರೆ ಹಳೆಯ ಗಿರಾಕಿ ಒಬ್ಬರು ಮೂರು ಸ್ಟಾರ್ ಕೊಟ್ಟು ಹೀಗೆ ಬರೆದರು: "ಚೀಲ ವಿಪರೀತ ಗಟ್ಟಿ. ಎಷ್ಟು ತುಂಬಿದರೂ ಹರಿಯುತ್ತಿಲ್ಲ. ಹೊಸ ಬಣ್ಣಗಳು ಬಂದಿವೆ, ತಗೊಳ್ಳೋಕೆ ಒಂದು ನೆಪವೂ ಸಿಗುತ್ತಿಲ್ಲ."

ನಾನು ಮಾರ್ಕೆಟಿಂಗ್ ಮುಖ್ಯಸ್ಥನಾಗಿ, "ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂತ ಶುರು ಮಾಡಿದ್ದೆ. ಹೆಂಡತಿ ಫೋನ್ ಕಿತ್ತುಕೊಂಡು, "ಅದನ್ನ ನಿಮ್ಮ ಅಕ್ಕನಿಗೋ ತಂಗಿಗೋ ಕೊಟ್ಟುಬಿಡಿ, ನೀವು ಹೊಸದು ತಗೊಳ್ಳಿ" ಅಂತ ಬರೆದು ಮತ್ತೆ ಹೊಲಿಯಲು ಹೋದಳು. ಮಧ್ಯಾಹ್ನದೊಳಗೆ ಅವರಿಂದ ಆರ್ಡರ್ ಬಂತು. ಎರಡು ಚೀಲ. ಒಂದು ಅಕ್ಕನಿಗಂತೆ, ಹಳೇದನ್ನು ಕೊಡೋಕೆ ಮನಸ್ಸೇ ಬರಲಿಲ್ಲವಂತೆ.