ಸತ್ಯಾಂಶ: ಖಾಲಿ ಬೆಂಚು, ತುಂಬಿದ ಬೆಂಚು

ಬ್ರಿಟನ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಒಂದು ಜೋಡಿ ಫೋಟೋ ಇದೆ. ಒಂದರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಹಸಿರು ಬೆಂಚುಗಳು ಖಾಲಿ: 'ಬಡವರ ಬಗ್ಗೆ ಚರ್ಚೆ'. ಇನ್ನೊಂದರಲ್ಲಿ ಕಾಲಿಡಲು ಜಾಗವಿಲ್ಲ: 'ಸಂಸದರ ಸಂಬಳದ ಚರ್ಚೆ'. ನೋಡಿದರೆ ಯಾರಿಗಾದರೂ ಸಿಟ್ಟು ಬರುತ್ತೆ, ಅಲ್ವಾ?

2014ರಲ್ಲಿ ಸ್ಪೆಕ್ಟೇಟರ್ ಪತ್ರಿಕೆಯ ಇಸಬೆಲ್ ಹಾರ್ಡ್‌ಮನ್ ಈ ಫೋಟೋಗಳ ಮೂಲ ಹುಡುಕಿದರು. ತುಂಬಿದ ಸದನದ ಚಿತ್ರ ಸಂಬಳದ ಚರ್ಚೆಯದ್ದಲ್ಲ, ಬೇರೆ ದಿನದ್ದು. ಪ್ರಧಾನಿ ಪ್ರಶ್ನೋತ್ತರದ ಹೊತ್ತಿಗೆ ಸದನ ಹಾಗೇ ಕಿಕ್ಕಿರಿದಿರುತ್ತದೆ. ಅದು ಬುಧವಾರ ಮಧ್ಯಾಹ್ನ 12ಕ್ಕೆ ಶುರು. ಸಂಸದರು 650 ಮಂದಿ, ಸೀಟು ಮಾತ್ರ ಸುಮಾರು 427. ತಡವಾಗಿ ಬಂದವರು ನಿಲ್ಲಬೇಕು. ಅಂದಹಾಗೆ, ಮೂಲ ಸಂಬಳ ನಿರ್ಧರಿಸುವುದು ಈಗ ಸಂಸದರೇ ಅಲ್ಲ, 'ಇಪ್ಸಾ' ಎಂಬ ಸ್ವತಂತ್ರ ಸಂಸ್ಥೆ.

ಬೆಂಚು ಖಾಲಿ ಇದ್ದರೆ ಸಂಸದರು ಸುಮ್ನೆ ಕೂತಿದ್ದಾರೆ ಅಂತಲೂ ಅಲ್ಲ. ಅದೇ ಹೊತ್ತಿಗೆ ಸಮಿತಿ ಕೊಠಡಿಯಲ್ಲಿ ಸಚಿವರನ್ನು ಪ್ರಶ್ನಿಸುತ್ತಿರಬಹುದು, ಕ್ಷೇತ್ರದ ಜನರ ಪತ್ರ ನೋಡುತ್ತಿರಬಹುದು. ಮತದಾನದ ಗಂಟೆ ಬಾರಿಸಿದರೆ ಬಾಗಿಲು ಮುಚ್ಚಲು ಎಂಟೇ ನಿಮಿಷ. ಆಗ ಎಲ್ಲೆಲ್ಲಿಂದಲೋ ಓಡಿ ಬರುತ್ತಾರೆ.

ಹಾಗಂತ ಎಲ್ಲರೂ ಶ್ರಮಜೀವಿಗಳು ಎಂದೇನೂ ನಾನು ಹೇಳುತ್ತಿಲ್ಲ. ಒಬ್ಬ ಸಂಸದರು ಏನು ಮಾಡಿದರು ಎಂದು ತಿಳಿಯಬೇಕಾದರೆ ಸಂಸತ್ತಿನ ಅಧಿಕೃತ ನಡಾವಳಿ ದಾಖಲೆಯಾದ ಹ್ಯಾನ್ಸಾರ್ಡ್ ಇದೆ. ಸದನದ ಮಾತುಗಳೂ ಯಾರು ಯಾವ ಕಡೆ ಮತ ಹಾಕಿದರು ಎಂಬುದೂ ಅದರಲ್ಲಿ ಸಿಗುತ್ತವೆ. ಪತ್ರಿಕೆಗಳ ವರದಿಗಾರರೂ ಸ್ಪೀಕರ್ ಪೀಠದ ಮೇಲಿನ ಗ್ಯಾಲರಿಯಿಂದ ಕೇಳಿದ್ದನ್ನು ಅದರ ಜೊತೆ ತಾಳೆ ನೋಡಬಹುದು.